ಕಾಣುವ ಕಣ್ಣಿಗೂ ಚಿತ್ರ ಏಕೆ ಬೇಕು?

ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವ ಕಣ್ಣಿನ ಅರ್ಜಿಗಳಲ್ಲಿ ಎರಡು ಬಗೆ. ಮೊದಲನೆಯದು ಪೊರೆಯದು. ಆಸ್ಪತ್ರೆಯ ಅಂದಾಜು ಪಟ್ಟಿ, ಲೆನ್ಸಿನ ದರ, ರೇಷನ್ ಕಾರ್ಡಿನ ನಕಲು ಇಷ್ಟಿದ್ದರೆ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳ ಸುದ್ದಿ ಕೇಳುತ್ತ ಬೆಳೆದ ತಲೆಮಾರು ನಮ್ಮದು. ಕಣ್ಣಿನ ಕಾಯಿಲೆ ಎಂದರೆ ಪೊರೆ, ಚಿಕಿತ್ಸೆ ಎಂದರೆ ಆಪರೇಷನ್, ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಗನ ಮುಖ ಕಾಣಬೇಕು ಎಂಬುದು ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ.

ಎರಡನೆಯ ಬಗೆ ರೆಟಿನಾದ ಅರ್ಜಿ. ಇದರ ಜೊತೆಗೆ ಚಿತ್ರಗಳು ಬರುತ್ತವೆ. ಒಂದು ಕಿತ್ತಳೆ ಬಣ್ಣದ ದುಂಡು ಚಿತ್ರ. ಇನ್ನೊಂದು ಕಪ್ಪು ಬಿಳುಪಿನದು, ಎಲೆ ಉದುರಿದ ಮರದ ಕೊಂಬೆಗಳ ಹಾಗೆ. ಮತ್ತೊಂದು ಪದರಪದರವಾಗಿ, ದೂರದಿಂದ ನೋಡಿದ ಘಟ್ಟದ ಸಾಲಿನಂತೆ. ಸಮಿತಿಯಲ್ಲಿ ಆಗ ಪ್ರಶ್ನೆಗಳು ಏಳುತ್ತವೆ: 'ಫೋಟೋ ತೆಗೆಯಲಿಕ್ಕೆ ಇಷ್ಟು ದುಡ್ಡೇ?' 'ಕಣ್ಣು ಚೆನ್ನಾಗಿ ಕಾಣುತ್ತದೆ ಎಂದು ಅವರೇ ಬರೆದಿದ್ದಾರಲ್ಲ, ಮತ್ತೆ ಪರೀಕ್ಷೆ ಯಾಕೆ?' ಕೇಳುವವರು ಕೆಟ್ಟ ಮನಸ್ಸಿನವರಲ್ಲ. ದಾನಿಗಳ ಹಣ ಪೋಲಾಗಬಾರದು ಎಂಬ ಕಾಳಜಿಯಿಂದಲೇ ಕೇಳುತ್ತಾರೆ.

ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ವೈದ್ಯಕೀಯ ನನ್ನ ವಿಷಯವಲ್ಲ. ಆದರೆ ಇನ್ನೊಬ್ಬರ ಹಣಕ್ಕೆ ಸಹಿ ಹಾಕುವವನಿಗೆ ಆ ಹಣ ಯಾವುದಕ್ಕೆ ಹೋಗುತ್ತದೆ ಎಂಬುದು ತಿಳಿದಿರಬೇಕು. ಹಾಗಾಗಿ ಕಳೆದ ಕೆಲವು ತಿಂಗಳು ಈ ಚಿತ್ರಗಳ ವಿಷಯವನ್ನು ಓದಿದೆ, ಬಲ್ಲ ವೈದ್ಯರನ್ನು ಕೇಳಿದೆ. ತಿಳಿದದ್ದನ್ನು ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇನೆ. ಯಾರಿಗೆ ಯಾವ ಪರೀಕ್ಷೆ, ಯಾವ ಚಿಕಿತ್ಸೆ ಎಂಬುದನ್ನು ಹೇಳಬೇಕಾದವರು ವೈದ್ಯರೇ.

ರೆಟಿನಾ ಅಥವಾ ಅಕ್ಷಿಪಟಲ ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಹಚ್ಚಿದಂತಿರುವ ತೆಳು ಪೊರೆ. ನಡುಭಾಗದಲ್ಲಿ ಇದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಮ್ಯಾಕುಲಾ ಎಂಬ ಈ ನಡುಭಾಗದ ಕೆಲಸ. ಪೊರೆ ಬಂದ ಲೆನ್ಸನ್ನು ತೆಗೆದು ಹೊಸದನ್ನು ಹಾಕಬಹುದು. ಸತ್ತ ರೆಟಿನಾವನ್ನು ತೆಗೆದು ಹೊಸದನ್ನು ಹಾಕುವ ಆಪರೇಷನ್ ಇಲ್ಲ. ಪೊರೆಯ ಅರ್ಜಿ ಮೂರು ತಿಂಗಳು ಕಾಯಬಲ್ಲುದು, ರೆಟಿನಾದ ಅರ್ಜಿ ಅನೇಕ ವೇಳೆ ಕಾಯಲಾರದು ಎಂಬ ವ್ಯತ್ಯಾಸ ಹುಟ್ಟುವುದು ಇಲ್ಲಿಂದಲೇ.

ಈ ಪೊರೆಗೆ ರಕ್ತ ಬಹಳ ಬೇಕು. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹದ್ದುಬಸ್ತಿನಲ್ಲಿ ಇಲ್ಲದಿದ್ದರೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಮುಚ್ಚಿಹೋಗುತ್ತವೆ. ಆ ಜಾಗದ ರೆಟಿನಾ ಉಸಿರು ಕಟ್ಟಿದಂತಾಗಿ 'ರಕ್ತ ಕಳಿಸಿ' ಎಂದು ರಾಸಾಯನಿಕ ಸಂದೇಶವೊಂದನ್ನು ಹೊರಡಿಸುತ್ತದೆ. ಇಂಥದೊಂದು ವಸ್ತು ಇರಬೇಕು ಎಂದು 1948ರಲ್ಲೇ ಮೈಕೆಲ್ಸನ್ ಎಂಬ ನೇತ್ರತಜ್ಞರು ಊಹಿಸಿದ್ದರು. ನಾಲ್ಕು ದಶಕಗಳ ನಂತರ, 1989ರಲ್ಲಿ, ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ಅಂಥ ಒಂದು ಪ್ರೊಟೀನನ್ನು ಬೇರ್ಪಡಿಸಿ ತೋರಿಸಿದರು. ಅದರ ಹೆಸರು ವಿಇಜಿಎಫ್. ಕಣ್ಣಿಗೆ ಹಾಕುವ ಈಗಿನ ಇಂಜೆಕ್ಷನ್ನುಗಳಲ್ಲಿ ಹೆಚ್ಚಿನವು ಮುಖ್ಯವಾಗಿ ಇದನ್ನು ತಡೆಯುವ ಔಷಧಗಳೇ.

ಸಂದೇಶ ಹೋದ ಮೇಲೆ ಹೊಸ ನಾಳಗಳು ಬೆಳೆಯುತ್ತವೆ. ಒಳ್ಳೆಯದೇ ಆಯಿತಲ್ಲ ಎನ್ನಿಸಬಹುದು. ಮುಂಬಯಿಯ ಹಳೆಯ ಚಾಳುಗಳಲ್ಲಿ ಇದ್ದವರಿಗೆ ಇದನ್ನು ವಿವರಿಸುವುದು ಸುಲಭ. ನಗರಪಾಲಿಕೆಯ ಕೊಳಾಯಿಯಲ್ಲಿ ನೀರು ನಿಂತರೆ ಜನ ಸುಮ್ಮನಿರುವುದಿಲ್ಲ. ಎಲ್ಲಿಂದಲೋ ರಬ್ಬರ್ ಪೈಪು ಎಳೆದು, ಬಟ್ಟೆ ಸುತ್ತಿ, ಅನಧಿಕೃತವಾಗಿ ನೀರು ತರುತ್ತಾರೆ. ಆ ಪೈಪು ದಾರಿಯುದ್ದಕ್ಕೂ ಸೋರುತ್ತದೆ, ಯಾರಾದರೂ ಎಡವಿದರೆ ಕಿತ್ತು ಬರುತ್ತದೆ. ಹೊಸ ರಕ್ತನಾಳಗಳೂ ಅಂಥವೇ. ಗೋಡೆ ಗಟ್ಟಿ ಇಲ್ಲ, ಒಳಗಿನದು ಹೊರಗೆ ಸೋರುತ್ತದೆ. ಅವು ರೆಟಿನಾದ ಒಳಗೆ ಉಳಿಯದೆ ಅದರ ಮೇಲ್ಮೈಗೆ ಬಂದು, ಕಣ್ಣಿನೊಳಗೆ ತುಂಬಿರುವ ಲೋಳೆಯಂಥ ವಸ್ತುವನ್ನು ಹಿಡಿದುಕೊಂಡು ಹಬ್ಬುತ್ತವೆ. ಒಂದು ದಿನ ಹರಿದು ರಕ್ತ ಸುರಿಯುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ನಾಳಗಳ ಜೊತೆ ನಾರು ಬೆಳೆದು, ಅದು ಕುಗ್ಗುತ್ತ ರೆಟಿನಾವನ್ನೇ ಗೋಡೆಯಿಂದ ಎಳೆದು ಕೀಳುತ್ತದೆ.

ಇಲ್ಲಿ ಸಮಿತಿಯವರೂ ದಾನಿಗಳೂ ಗಮನಿಸಬೇಕಾದ ಸಂಗತಿಯೊಂದಿದೆ. ಈ ನಾಳಗಳು ಬೆಳೆಯುತ್ತಿರುವಾಗ ನೋವಿಲ್ಲ, ಉರಿಯಿಲ್ಲ, ಕೆಂಪಿಲ್ಲ. ಮ್ಯಾಕುಲಾ ಕೆಡದಿದ್ದರೆ ದೃಷ್ಟಿಯೂ ಚೆನ್ನಾಗಿಯೇ ಇರುತ್ತದೆ. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನು ತಪ್ಪಿಲ್ಲದೆ ಓದುವವರ ಕಣ್ಣಿನೊಳಗೂ ಇಂಥ ನಾಳಗಳು ಇರಬಹುದು. ರಾತ್ರಿ ಪೇಪರ್ ಓದಿ ಮಲಗಿದವರು ಬೆಳಿಗ್ಗೆ ಎದ್ದಾಗ ಕಣ್ಣ ಮುಂದೆ ಜೇಡರ ಬಲೆ ತೂಗಾಡುತ್ತದೆ, ಇಲ್ಲವೇ ಮಸಿ ಸುರಿದಂತೆ ಕಾಣುತ್ತದೆ. ಆದ್ದರಿಂದ 'ಕಣ್ಣು ಕಾಣುತ್ತದೆ' ಎಂಬುದು ಪರೀಕ್ಷೆ ಬೇಡ ಎನ್ನಲು ಕಾರಣವಾಗುವುದಿಲ್ಲ. ಉಳಿಸಬೇಕಾದ ದೃಷ್ಟಿ ಇನ್ನೂ ಉಳಿದಿರುವ ಸಮಯ ಅದು.

ಈಗ ಚಿತ್ರಗಳಿಗೆ ಬರೋಣ.

ಜೀವಂತ ಮನುಷ್ಯನ ಕಣ್ಣಿನೊಳಗೆ ಇಣುಕಲು ಮೊದಲು ದಾರಿ ಮಾಡಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಅವರ ಉಪಕರಣದ ವಿವರ ಪ್ರಕಟವಾದದ್ದು 1851ರಲ್ಲಿ. ಈಗ ಆ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ಅರ್ಜಿಯೊಂದಿಗೆ ಬರುವ ಕಿತ್ತಳೆ ಬಣ್ಣದ ಚಿತ್ರ ಇದೇ, ಫಂಡಸ್ ಫೋಟೋ. ಹಳದಿ ಬಿಲ್ಲೆಯಂತೆ ಕಾಣುವುದು ನರದ ತಲೆ. ಅದರಿಂದ ಹೊರಟ ಕೆಂಪು ಗೆರೆಗಳು ರಕ್ತನಾಳಗಳು. ಇದು ಅಗ್ಗದ ಮತ್ತು ಬೇಗನೆ ಮುಗಿಯುವ ಪರೀಕ್ಷೆ, ಶಿಬಿರಗಳಿಗೆ ಹೇಳಿ ಮಾಡಿಸಿದಂಥದು. ಬೆಂಗಳೂರಿನ ಫೋರಸ್ ಹೆಲ್ತ್ ಎಂಬ ಕಂಪನಿ '3ನೇತ್ರ' ಎಂಬ ಹೆಸರಿನಲ್ಲಿ ಹೊತ್ತೊಯ್ಯಬಹುದಾದ ಕ್ಯಾಮೆರಾ ಮಾಡಿದೆ. ಹೆಸರನ್ನು ಯಾರು ಇಟ್ಟರೋ, ಚೆನ್ನಾಗಿದೆ. ಇಂಥ ಫೋಟೋಗಳನ್ನು ಕಂಪ್ಯೂಟರೇ ನೋಡಿ ರೋಗ ಇರುವವರನ್ನು ಬೇರ್ಪಡಿಸಬಲ್ಲುದೇ ಎಂಬ ಗೂಗಲ್ ಸಂಸ್ಥೆಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದಕ್ಕೆ ಮದುರೆಯ ಅರವಿಂದ, ಚೆನ್ನೈಯ ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯಗಳ ಚಿತ್ರಗಳೂ ಬಳಕೆಯಾಗಿದ್ದವು.

ಆದರೆ ಫಂಡಸ್ ಫೋಟೋ ಮನೆಯನ್ನು ಹೊರಗಿನಿಂದ ನೋಡಿದಂತೆ. ಪೈಪು ಇದೆ ಎಂಬುದು ಕಾಣುತ್ತದೆ, ಸೋರುತ್ತಿದೆಯೇ ಎಂಬುದು ಖಚಿತವಾಗುವುದಿಲ್ಲ. ಹೊಸ ನಾಳ ಆರಂಭದಲ್ಲಿ ಬಹಳ ಸಣ್ಣದು, ಅನುಭವಿಗಳ ಕಣ್ಣಿಗೂ ಒಮ್ಮೊಮ್ಮೆ ತಪ್ಪಿಹೋಗುತ್ತದೆ. ಆಗ ಬೇಕಾಗುವುದು ಎರಡನೆಯ ಚಿತ್ರ, ಆ ಕಪ್ಪು ಬಿಳುಪಿನ ಕೊಂಬೆಗಳ ಚಿತ್ರ. ಇದರ ಹೆಸರು ಫ್ಲೋರೆಸಿನ್ ಆಂಜಿಯೋಗ್ರಾಮ್. ಆಸ್ಪತ್ರೆಯ ಚೀಟಿಯಲ್ಲಿ ಎಫ್‌ಎಫ್‌ಎ ಎಂದು ಬರೆದಿರುತ್ತಾರೆ.

ಈ ಹೆಸರಿನಿಂದಲೇ ಒಂದು ತೊಂದರೆ ಆಗುತ್ತಿದೆ. ಆಂಜಿಯೋಗ್ರಾಮ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಮನೆಮಂದಿ ಹೆದರುತ್ತಾರೆ. ತೊಡೆಯಲ್ಲೋ ಕೈಯಲ್ಲೋ ತಂತಿ ತೂರಿಸುತ್ತಾರೆ, ಸ್ಟೆಂಟ್ ಹಾಕಬೇಕು ಎನ್ನುತ್ತಾರೆ, ಲಕ್ಷಗಟ್ಟಲೆ ಬಿಲ್ಲು ಆಗುತ್ತದೆ ಎಂದು ಪರೀಕ್ಷೆಯನ್ನೇ ಬಿಟ್ಟು ಬಂದವರಿದ್ದಾರೆ. ಕಣ್ಣಿನ ಆಂಜಿಯೋಗ್ರಾಮಿಗೂ ಹೃದಯದ್ದಕ್ಕೂ ಹೆಸರಿನ ಸಂಬಂಧವಷ್ಟೇ. ಇದರಲ್ಲಿ ಕಣ್ಣಿಗೆ ಸೂಜಿಯೇ ಇಲ್ಲ. ರಕ್ತ ಪರೀಕ್ಷೆಗೆ ಚುಚ್ಚುವ ಹಾಗೆ ಮುಂಗೈಯ ಅಭಿಧಮನಿಗೆ ಒಂದು ಚಮಚದಷ್ಟು ಹಳದಿ ಬಣ್ಣದ ದ್ರವ ಕೊಡುತ್ತಾರೆ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಅದು ಹೃದಯದ ಮೂಲಕ ಹಾದು ಕಣ್ಣನ್ನು ತಲಪುತ್ತದೆ. ಕ್ಯಾಮೆರಾ ನೀಲಿ ಬೆಳಕು ಬಿಡುತ್ತದೆ, ಬಣ್ಣ ಹಸಿರಾಗಿ ಹೊಳೆಯುತ್ತದೆ. ಒಂದರ ಹಿಂದೆ ಒಂದರಂತೆ ಚಿತ್ರ ತೆಗೆಯುತ್ತ ಹೋಗುತ್ತಾರೆ. ಸುಮಾರು ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಮಲಗಿಸುವುದೂ ಇಲ್ಲ.

ಈ ಬಣ್ಣದ ಕಥೆ ನನಗೆ ಬಹಳ ಹಿಡಿಸಿತು. ಫ್ಲೋರೆಸಿನ್ ಅನ್ನು 1871ರಲ್ಲಿ ತಯಾರಿಸಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬೇಯರ್. ಡಾನ್ಯೂಬ್ ನದಿಯ ನೀರು ಒಂದು ಕಡೆ ನೆಲದೊಳಗೆ ಇಂಗಿ ಹೋಗುತ್ತಿತ್ತು. ಅದು ಎಲ್ಲಿ ಹೊರಬೀಳುತ್ತದೆ ಎಂದು ತಿಳಿಯಲು 1877ರಲ್ಲಿ ಇದೇ ಬಣ್ಣವನ್ನು ನೀರಿಗೆ ಸುರಿದರು. ಕೆಲವು ಮೈಲಿ ಆಚೆ ಆಖ್ ಎಂಬಲ್ಲಿನ ಬುಗ್ಗೆ ಹಸಿರಾಗಿ ಹರಿಯಿತು. ನೆಲದಡಿಯ ಸೋರಿಕೆ ಹಿಡಿದ ಬಣ್ಣವನ್ನು ಕಣ್ಣಿನ ಸೋರಿಕೆ ಹಿಡಿಯುವ ವಿಧಾನವಾಗಿ ಬೆಳೆಸಿದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್. ಅವರ ಲೇಖನ ಬಂದದ್ದು 1961ರಲ್ಲಿ. ಪ್ರಕಟಿಸಿದ್ದು ಕಣ್ಣಿನ ಪತ್ರಿಕೆಯಲ್ಲ, 'ಸರ್ಕ್ಯುಲೇಷನ್' ಎಂಬ ಹೃದಯ ಮತ್ತು ರಕ್ತಸಂಚಾರದ ಪತ್ರಿಕೆ.

ಈ ಚಿತ್ರದಲ್ಲಿ ವೈದ್ಯರು ನೋಡುವುದು ಮುಖ್ಯವಾಗಿ ಎರಡನ್ನು. ಬಣ್ಣ ಹೋಗದೆ ಕಪ್ಪಾಗಿ ಉಳಿದ ಜಾಗಗಳು ರಕ್ತ ನಿಂತುಹೋದ ಓಣಿಗಳು. ಬೆಳ್ಳಗೆ ಹೊಳೆದು, ನಿಮಿಷ ಕಳೆದಂತೆ ಶಾಯಿ ಒರಗು ಕಾಗದದ ಮೇಲೆ ಹರಡಿದ ಹಾಗೆ ಅಂಚು ಕಳೆದುಕೊಂಡು ದೊಡ್ಡದಾಗುತ್ತ ಹೋಗುವ ಚುಕ್ಕೆಗಳು ಹೊಸ ನಾಳಗಳು. ಆರೋಗ್ಯವಂತ ರೆಟಿನಾದ ನಾಳ ಬಣ್ಣವನ್ನು ಹೊರಗೆ ಬಿಡುವುದೇ ಇಲ್ಲ. ಹೊಸದು ತಡೆಯಲಾರದೆ ಸೋರುತ್ತದೆ. ಹತ್ತನೆಯ ಸೆಕೆಂಡಿನ ಚಿತ್ರವನ್ನೂ ಐದನೆಯ ನಿಮಿಷದ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ನನ್ನಂಥವನಿಗೂ ವ್ಯತ್ಯಾಸ ಕಾಣುತ್ತದೆ. ಬಿಲ್ಲಿನಲ್ಲಿ ಒಂದೇ ಪರೀಕ್ಷೆಗೆ ಅಷ್ಟೊಂದು ಫೋಟೋ ಯಾಕೆ ಎಂಬ ಪ್ರಶ್ನೆಗೆ ಇದೇ ಉತ್ತರ.

ಸೋರಿಕೆ ಎಲ್ಲಿ, ರಕ್ತವಿಲ್ಲದ ಜಾಗ ಎಷ್ಟು ಎಂಬುದು ತಿಳಿದರೆ ಲೇಸರ್ ಎಲ್ಲಿಗೆ ಎಂಬುದೂ ತಿಳಿಯುತ್ತದೆ. ಹಸಿದ ರೆಟಿನಾದ ಅಂಚಿನ ಭಾಗಕ್ಕೆ ಲೇಸರ್ ಚುಕ್ಕೆಗಳನ್ನು ಹಾಕಿದರೆ ಅದರ ಬೇಡಿಕೆ ತಗ್ಗುತ್ತದೆ, ಹೊಸ ನಾಳಗಳು ಮುದುಡುತ್ತವೆ. ಹೀಗೆ ಮಾಡಿದರೆ ತೀವ್ರ ದೃಷ್ಟಿನಷ್ಟದ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂಬುದನ್ನು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತ್ತು.

ಪರೀಕ್ಷೆಗೆ ಹೋಗುವವರು ತಿಳಿದಿರಬೇಕಾದ ಮಾತು ಕೆಲವಿವೆ. ಬಣ್ಣ ಒಳಗೆ ಹೋದ ಕೂಡಲೇ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಚರ್ಮ ಕೆಲವು ಗಂಟೆ ಹಳದಿಯಾಗುತ್ತದೆ, ಮೂತ್ರ ಒಂದು ದಿನ ಗಾಢ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಕಾಮಾಲೆ ಬಂತು ಎಂದು ಯಾರೂ ಗಾಬರಿಪಡಬೇಕಾಗಿಲ್ಲ. ಅಪರೂಪಕ್ಕೆ ಮೈಮೇಲೆ ಗಂಧೆ ಏಳಬಹುದು, ಅತ್ಯಂತ ಅಪರೂಪಕ್ಕೆ ಗಂಭೀರ ಅಲರ್ಜಿ ಆಗಬಹುದು. ಆದ್ದರಿಂದ ತುರ್ತು ಔಷಧಗಳ ಸಿದ್ಧತೆ ಇರುವ ಕಡೆಯೇ ಇದನ್ನು ಮಾಡಿಸಬೇಕು. ಹಿಂದೆ ಯಾವುದಾದರೂ ಔಷಧದ ಅಲರ್ಜಿ ಆಗಿದ್ದರೆ, ಅಸ್ತಮಾ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲುಣಿಸುತ್ತಿದ್ದರೆ ಮೊದಲೇ ಹೇಳಬೇಕು.

ಮೂರನೆಯದು ಘಟ್ಟದ ಸಾಲಿನ ಚಿತ್ರ, ಓಸಿಟಿ. ಇದರಲ್ಲಿ ಸೂಜಿ, ಬಣ್ಣ, ಎಕ್ಸ್‌ರೇ ಯಾವುದೂ ಇಲ್ಲ. ಗದ್ದ ಇಟ್ಟು ಒಂದು ಚುಕ್ಕೆಯನ್ನು ನೋಡುತ್ತ ಕೂತರೆ ಬೆಳಕಿನ ಕಿರಣ ಒಳಗೆ ಹೋಗಿ, ಬೇರೆಬೇರೆ ಪದರಗಳಿಂದ ಹಿಂತಿರುಗುತ್ತದೆ. ಆ ಹಿಂತಿರುಗಿದ ಬೆಳಕಿನಿಂದ ಯಂತ್ರ ರೆಟಿನಾದ ಅಡ್ಡಸೀಳು ಚಿತ್ರವನ್ನು ಬರೆಯುತ್ತದೆ. ಹಲಸಿನ ಹಣ್ಣನ್ನು ಕೊಯ್ಯದೆಯೇ ಒಳಗಿನ ತೊಳೆ ಎಣಿಸಿದಂತೆ. ಐದಾರು ಮೈಕ್ರಾನ್ ವ್ಯತ್ಯಾಸವನ್ನೂ ಇದು ಹಿಡಿಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಲೆಕ್ಕ ಹಾಕಿಕೊಳ್ಳಿ. 1991ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದನ್ನು ರೂಪಿಸಿದವರಲ್ಲಿ ಪ್ರಮುಖರಾದ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೋಟೊ ಮತ್ತು ಎರಿಕ್ ಸ್ವಾನ್‌ಸನ್ ಅವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಸಮಿತಿಯಲ್ಲಿ ಅತಿ ಹೆಚ್ಚು ಚರ್ಚೆಗೆ ಕಾರಣವಾಗಿರುವುದೂ ಇದೇ ಪರೀಕ್ಷೆ. 'ಒಂದೇ ಕಣ್ಣಿಗೆ ವರ್ಷದಲ್ಲಿ ಏಳು ಸಲ ಓಸಿಟಿಯೇ?' ಎಂದು ಹಿರಿಯರೊಬ್ಬರು ಕೇಳಿದರು. ನಾನು ಬ್ಯಾಂಕಿನ ಭಾಷೆಯಲ್ಲಿ ಉತ್ತರ ಕೊಟ್ಟೆ. ಕ್ಯಾಶ್ ಕ್ರೆಡಿಟ್ ಸಾಲ ಕೊಟ್ಟ ಮೇಲೆ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ತರಿಸಿಕೊಳ್ಳುತ್ತೇವೆ, ಗೋಡೌನಿಗೆ ಹೋಗಿ ನೋಡುತ್ತೇವೆ. ಸಾಲ ಮಂಜೂರಾದ ದಿನ ಇದ್ದ ದಾಸ್ತಾನು ಮೂರು ತಿಂಗಳ ನಂತರವೂ ಇದೆ ಎಂದು ನಂಬಿ ಕೂರುವುದಿಲ್ಲ. ಕಣ್ಣಿನ ಇಂಜೆಕ್ಷನ್ನಿನ ಪರಿಣಾಮ ಕೆಲವು ವಾರಗಳದ್ದು. ಮ್ಯಾಕುಲಾದಲ್ಲಿ ನಿಂತ ನೀರು ಇಳಿಯಿತೇ, ಮತ್ತೆ ಸೇರುತ್ತಿದೆಯೇ, ಮುಂದಿನ ಇಂಜೆಕ್ಷನ್ ಬೇಕೇ, ಅಂತರ ಹೆಚ್ಚಿಸಬಹುದೇ ಎಂಬುದನ್ನು ಹೇಳುವುದು ಓಸಿಟಿ. ಸಾವಿರ ಎರಡು ಸಾವಿರ ರೂಪಾಯಿಯ ಚಿತ್ರ ಅದಕ್ಕಿಂತ ಹಲವು ಪಟ್ಟು ಬೆಲೆಯ ಇಂಜೆಕ್ಷನ್ನನ್ನು ಉಳಿಸುವುದೂ ಉಂಟು. ಅವರು ಆ ದಿನ ಮಂಜೂರಾತಿಗೆ ಒಪ್ಪಿದರು. ಹೋಲಿಕೆ ಮೆಚ್ಚಿದರೋ, ಸಂಜೆಯ ಲೋಕಲ್ ಟ್ರೇನಿಗೆ ಹೊತ್ತಾಗಿತ್ತೋ ಹೇಳಲಾರೆ.

ಓಸಿಟಿ-ಆಂಜಿಯೋ ಎಂಬ ಹೊಸ ವಿಧಾನವೂ ಬಂದಿದೆ. ಒಂದೇ ಜಾಗದ ಚಿತ್ರವನ್ನು ಕ್ಷಣಾರ್ಧದಲ್ಲಿ ಹಲವು ಸಲ ತೆಗೆದು ಹೋಲಿಸುತ್ತಾರೆ. ಮಿಕ್ಕದ್ದೆಲ್ಲ ನಿಂತಲ್ಲೇ ಇರುತ್ತದೆ, ರಕ್ತಕಣ ಮಾತ್ರ ಚಲಿಸುತ್ತದೆ. ಆ ಚಲನೆಯಿಂದಲೇ ನಾಳಗಳ ನಕ್ಷೆ ಸಿಗುತ್ತದೆ. ಬಣ್ಣ ಕೊಡಲಾಗದವರಿಗೆ ಇದು ವರ. ಆದರೆ ನಾಳ ಇರುವುದನ್ನು ತೋರಿಸುತ್ತದೆಯೇ ಹೊರತು ಸೋರುವುದನ್ನು ತೋರಿಸುವುದಿಲ್ಲ. ಹಾಗಾಗಿ ಕೆಲವು ಅರ್ಜಿಗಳಲ್ಲಿ ಎರಡೂ ಪರೀಕ್ಷೆ ಬರೆದಿದ್ದರೆ ಅದು ದುಪ್ಪಟ್ಟು ಬಿಲ್ಲಲ್ಲ. ರಕ್ತ ಸುರಿದು ಒಳಗೆ ಏನೂ ಕಾಣದಂತಾದ ಮೇಲೆ ಈ ಬೆಳಕಿನ ಚಿತ್ರಗಳು ಯಾವುವೂ ನಡೆಯುವುದಿಲ್ಲ. ಆಗ ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡೇ ಗತಿ.

ಹೊಸ ನಾಳ ಬೆಳೆಯುವುದು ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಅಲ್ಲ. ವಯಸ್ಸಾದವರಲ್ಲಿ ರೆಟಿನಾದ ಹಿಂದಿನ ಪದರದಿಂದ ನಾಳಗಳು ನುಗ್ಗಿ ಮ್ಯಾಕುಲಾದ ಅಡಿಯಲ್ಲಿ ಸೋರುವುದುಂಟು. ಇವರಿಗೆ ನೆಟ್ಟಗಿರುವ ಗೆರೆ ಸೊಟ್ಟಗೆ ಕಾಣುತ್ತದೆ. ಬಾಗಿಲಿನ ಚೌಕಟ್ಟು, ಕಿಟಕಿಯ ಸರಳು, ಲೆಡ್ಜರಿನ ಗೆರೆ ಇವನ್ನು ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿ. ಎಲ್ಲಾದರೂ ಬಳುಕಿದರೆ ತಡಮಾಡದೆ ರೆಟಿನಾ ತಜ್ಞರನ್ನು ಕಾಣಿ. ನಮ್ಮ ಏಷ್ಯಾದವರಲ್ಲಿ ಹೆಚ್ಚು ಕಾಣುವ, ದ್ರಾಕ್ಷಿಗೊಂಚಲಿನಂತೆ ಉಬ್ಬಿದ ನಾಳಗಳ ಒಂದು ಬಗೆಯೂ ಇದೆ. ಅದನ್ನು ಹಿಡಿಯಲು ಐಸಿಜಿ ಎಂಬ ಹಸಿರು ಬಣ್ಣದ ಬೇರೆ ಆಂಜಿಯೋಗ್ರಾಮ್ ಮಾಡುತ್ತಾರೆ. ಆ ಬಣ್ಣದಲ್ಲಿ ಅಯೋಡಿನ್ ಇರುವುದರಿಂದ ಅದರ ಅಲರ್ಜಿ ಇದ್ದವರು ಹೇಳಲು ಮರೆಯಬಾರದು. ಇನ್ನು ಈಲ್ಸ್ ಎಂಬ ಕಾಯಿಲೆ ನಮ್ಮ ದೇಶದಲ್ಲಿ ಹೆಚ್ಚು, ಅದೂ ಇಪ್ಪತ್ತು ಮೂವತ್ತರ ಹರೆಯದ ಗಂಡಸರಲ್ಲಿ. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ, ದುಡಿಯುವ ಹುಡುಗನಿಗೆ ಇದ್ದಕ್ಕಿದ್ದಂತೆ ಕಣ್ಣಿನೊಳಗೆ ರಕ್ತ. ಒಂದು ಕಣ್ಣಿಗೆ ಬಂದರೆ ಇನ್ನೊಂದನ್ನೂ ಆಂಜಿಯೋಗ್ರಾಮ್ ಮಾಡಿ ನೋಡುತ್ತಾರೆ, ಏಕೆಂದರೆ ಎರಡೂ ಕಣ್ಣಿಗೆ ಬರುವುದೇ ಹೆಚ್ಚು.

ಕೂಸುಗಳ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಐಸಿಯು ಖರ್ಚಿಗೆ ನಮ್ಮ ನಿಧಿಯಿಂದ ನೆರವು ಕೊಡುತ್ತ ಬಂದಿದ್ದೇವೆ. ರೆಟಿನಾದ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದು ತಾಯಿಯ ಗರ್ಭದ ಕೊನೆಯ ವಾರಗಳಲ್ಲಿ. ಬೇಗ ಹುಟ್ಟಿದ ಮಗುವಿನಲ್ಲಿ ಆ ಬೆಳವಣಿಗೆ ಅರ್ಧಕ್ಕೇ ನಿಂತು, ಆಮೇಲೆ ಅಡ್ಡಾದಿಡ್ಡಿಯಾಗಿ ಶುರುವಾಗಬಹುದು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. ಕೂಸು ಹೇಳಲಾರದು, ಹೊರಗಿನಿಂದ ಕಣ್ಣು ನೋಡಿದರೆ ಚಂದವೇ ಇರುತ್ತದೆ. 34 ವಾರ ತುಂಬುವ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಕ್ಕಳ ರೆಟಿನಾವನ್ನು ಹುಟ್ಟಿದ 30 ದಿನಗಳೊಳಗೆ ನೋಡಿಸಬೇಕು ಎಂಬುದು ನಮ್ಮ ದೇಶದ ತಜ್ಞರ ಮಾರ್ಗಸೂಚಿ. ಇನ್ನೂ ಚಿಕ್ಕ ಕೂಸುಗಳಿಗೆ ಅದಕ್ಕಿಂತ ಮೊದಲೇ ನೋಡಬೇಕು. ಕಾಯಿಲೆ ಚಿಕಿತ್ಸೆಯ ಹಂತಕ್ಕೆ ಬಂದಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಆಗಬೇಕು. ವಾರ ತಪ್ಪಿದರೆ ಜೀವಮಾನದ ಕುರುಡು ಬರಬಹುದು.

ಈ ವಿಷಯದಲ್ಲಿ ಕರ್ನಾಟಕ ಒಂದು ದಾರಿ ತೋರಿಸಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಎಂಬ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಕೂಸಿನ ರೆಟಿನಾದ ಅಗಲವಾದ ಚಿತ್ರ ತೆಗೆದು ಇಂಟರ್‌ನೆಟ್ ಮೂಲಕ ಕಳಿಸುತ್ತಾರೆ. ತಜ್ಞರು ದೂರದಲ್ಲಿ ಕುಳಿತೇ ನೋಡಿ ಹೇಳುತ್ತಾರೆ. ಹೆರಿಗೆಗೆ ತವರಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. ಊರಿನಲ್ಲಿ ಹೆತ್ತು, ಮಗು ಸ್ವಲ್ಪ ಚೇತರಿಸಿದ ಮೇಲೆ ಮುಂಬಯಿಗೆ ವಾಪಸು ಬರುವ ಗಡಿಬಿಡಿಯಲ್ಲಿ ಆ 30 ದಿನ ರೈಲಿನಲ್ಲೇ ಕಳೆದುಹೋಗಬಾರದು.

ಇನ್ನು ಹಣದ ಮಾತು. ಬಹುತೇಕ ಆರೋಗ್ಯ ವಿಮೆಗಳು 24 ಗಂಟೆ ದಾಖಲಾದ ಖರ್ಚನ್ನೋ ಪಟ್ಟಿಯಲ್ಲಿರುವ ಡೇ-ಕೇರ್ ಚಿಕಿತ್ಸೆಯ ಖರ್ಚನ್ನೋ ಕೊಡುತ್ತವೆ. ಹೊರರೋಗಿಯಾಗಿ ಮಾಡಿಸಿದ ಚಿತ್ರಕ್ಕೆ ಕೈ ಬಿಚ್ಚುವುದಿಲ್ಲ. ಕಣ್ಣಿನೊಳಗಿನ ಇಂಜೆಕ್ಷನ್ನನ್ನು ಪೂರ್ತಿ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಮಿತಿ ಹಾಕಲು ಅವಕಾಶ ಇಟ್ಟಿತು. ಪಾಲಿಸಿ ಇರುವವರು ಆ ಮಿತಿ ಎಷ್ಟು ಎಂದು ಈಗಲೇ ತೆಗೆದು ನೋಡಿಕೊಳ್ಳಿ. ಪಾಲಿಸಿಯೇ ಇಲ್ಲದವರು ನಮ್ಮ ಬಳಿಗೆ ಬರುತ್ತಾರೆ. ನಮ್ಮ ನಿಧಿಯ ನಿಯಮವೂ ವಿಮೆಯಂತೆಯೇ ಇದೆ: ಆಸ್ಪತ್ರೆಗೆ ದಾಖಲಾದ ಬಿಲ್ಲಿಗೆ ನೆರವು, ಪರೀಕ್ಷೆಗೆ ಇಲ್ಲ. ನಿಧಿ ಚಿಕ್ಕದಿದ್ದಾಗ ಮಾಡಿದ ನಿಯಮ ಅದು, ಆಗಿನ ಮಟ್ಟಿಗೆ ಸರಿಯೇ.

ಅದು ಈಗ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಅರ್ಜಿಯ ಸಂಗತಿ ಹೇಳುತ್ತೇನೆ. ಹೆಸರು, ಊರು ಬೇಡ. ಹೋಟೆಲಿನಲ್ಲಿ ಅಡುಗೆ ಮಾಡುವವರು, ವಯಸ್ಸು ಐವತ್ತರ ಆಸುಪಾಸು, ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ರಕ್ತ ತುಂಬಿ ರೆಟಿನಾ ಎಳೆದುಕೊಂಡಿದೆ, ದೊಡ್ಡ ಆಪರೇಷನ್ ಆಗಬೇಕು ಎಂದು ಅರ್ಜಿ. ಕಾಗದಗಳ ಮಧ್ಯೆ ಹದಿನೆಂಟು ತಿಂಗಳ ಹಿಂದಿನ ಒಂದು ಚೀಟಿ ಇತ್ತು. ಎಫ್‌ಎಫ್‌ಎ ಮಾಡಿಸಿ ಎಂದು ವೈದ್ಯರು ಬರೆದಿದ್ದರು, ಆಗಿನ ದೃಷ್ಟಿ ಎರಡೂ ಕಣ್ಣಿನಲ್ಲಿ ಚೆನ್ನಾಗಿತ್ತು. ಯಾಕೆ ಮಾಡಿಸಲಿಲ್ಲ ಎಂದು ಕೇಳಿದೆ. 'ಸಂಘದವರು ಪರೀಕ್ಷೆಗೆ ಕೊಡುವುದಿಲ್ಲ ಅಂದರು ಸಾರ್, ಆಪರೇಷನ್ ಬಂದರೆ ಕೊಡುತ್ತಾರೆ ಅಂದರು. ಕಣ್ಣೂ ಕಾಣುತ್ತಿತ್ತು' ಎಂದರು. ಆಪರೇಷನ್ನಿಗೆ ನಾವು ಮಂಜೂರು ಮಾಡಿದ ಮೊತ್ತದಲ್ಲಿ ಅಂಥ ಪರೀಕ್ಷೆಗಳನ್ನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಮಾಡಿಸಬಹುದಿತ್ತು. ಒಂದು ಕಣ್ಣು ಅಷ್ಟಿಷ್ಟು ಉಳಿಯಿತು. ಒಲೆಯ ಮುಂದಿನ ಕೆಲಸ ಹೋಯಿತು, ಈಗ ಅದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಾರೆ.

ಬರುವ ವಾರ್ಷಿಕ ಮಹಾಸಭೆಯಲ್ಲಿ ಸಮಿತಿ ಒಂದು ತಿದ್ದುಪಡಿ ತರಲಿದೆ. ರೆಟಿನಾ ತಜ್ಞರ ಚೀಟಿ ಇದ್ದರೆ ಫಂಡಸ್ ಫೋಟೋ, ಎಫ್‌ಎಫ್‌ಎ, ಓಸಿಟಿಗಳ ಖರ್ಚನ್ನು ದಾಖಲಾತಿ ಇಲ್ಲದೆಯೂ ಆಸ್ಪತ್ರೆಯ ಹೆಸರಿಗೇ ಪಾವತಿ ಮಾಡುವುದು. ಇಂಜೆಕ್ಷನ್ ಬೇಕಾದವರಿಗೆ ಒಂದೊಂದಕ್ಕೂ ಹೊಸ ಅರ್ಜಿ ಬರೆಸದೆ, ಓಸಿಟಿ ಸೇರಿಸಿ ಇಡೀ ಸರಣಿಗೆ ಮಂಜೂರಾತಿ ಕೊಟ್ಟು ಕಂತಿನಲ್ಲಿ ಬಿಡುಗಡೆ ಮಾಡುವುದು. ಕೂಸಿನ ಐಸಿಯು ನೆರವು ಕೇಳಿ ಬಂದ ಪ್ರತಿ ಅರ್ಜಿಗೂ ರೆಟಿನಾ ಪರೀಕ್ಷೆಯ ಹಣವನ್ನು ಕೇಳದೆಯೇ ಸೇರಿಸುವುದು. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ 10 ಕೋಟಿ ದಾಟಿದೆ ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ನಮ್ಮ ಸಂಘದ ಸದಸ್ಯರ ಮನೆಗಳನ್ನು ಎಣಿಸಿದರೂ ಸಕ್ಕರೆ ಇಲ್ಲದ ಮನೆ ಹುಡುಕಬೇಕಾದೀತು. ಹಾಗಾಗಿ ಅರ್ಜಿಗಳು ಹೆಚ್ಚುತ್ತವೆ. ಇದಕ್ಕಾಗಿ ನಿಧಿಯಲ್ಲಿ 'ಕಣ್ಣಿನ ಪರೀಕ್ಷೆ' ಎಂಬ ಪ್ರತ್ಯೇಕ ಖಾತೆ ತೆರೆದು, ಅದರ ಲೆಕ್ಕವನ್ನು ಪ್ರತಿ ಸಂಚಿಕೆಯಲ್ಲಿ ಅಚ್ಚು ಹಾಕುವುದೆಂದು ತೀರ್ಮಾನಿಸಿದ್ದೇವೆ. ದೇಣಿಗೆ ಕಳಿಸುವಾಗ ಈ ಹೆಸರು ನಮೂದಿಸಿದರೆ ಹಣ ಇದಕ್ಕೇ ಹೋಗುತ್ತದೆ. ತಿದ್ದುಪಡಿಗೆ ವಿರೋಧ ಇರುವವರೂ ಸಭೆಗೆ ಬಂದು ಮಾತಾಡಬೇಕೆಂದು ಕೋರುತ್ತೇನೆ.

ಅರ್ಜಿದಾರರಲ್ಲಿ ಒಂದು ವಿನಂತಿ. ಹಳೆಯ ಚಿತ್ರಗಳನ್ನು ಎಸೆಯಬೇಡಿ. ಎರಡು ವರ್ಷದ ಹಿಂದಿನ ಓಸಿಟಿ ಕಾಗದ ನಿಮಗೆ ರದ್ದಿಯಂತೆ ಕಂಡರೂ ಹೊಸ ಚಿತ್ರದ ಪಕ್ಕದಲ್ಲಿ ಇಟ್ಟು ನೋಡಲು ವೈದ್ಯರಿಗೆ ಅದು ಬೇಕು. ಪ್ರಿಂಟಿನ ಜೊತೆ ಸಿ.ಡಿ. ಅಥವಾ ಮೊಬೈಲಿಗೆ ಕಳಿಸುವ ಫೈಲನ್ನೂ ಕೇಳಿ ಪಡೆಯಿರಿ. ಅದರಲ್ಲಿ ದಿನಾಂಕ ಇರಲಿ, ಬಲಗಣ್ಣೋ ಎಡಗಣ್ಣೋ ಎಂಬುದು ಸ್ಪಷ್ಟವಿರಲಿ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ವರ್ಷವೇ ರೆಟಿನಾ ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ತೋರಿಸಿ. ಕನ್ನಡಕದ ಅಂಗಡಿಯ ನಂಬರ್ ಪರೀಕ್ಷೆ ಇದಲ್ಲ. ಪಾಪೆ ಹಿಗ್ಗಿಸುವ ಔಷಧ ಹಾಕಿ ಒಳಗೆ ನೋಡಿದರೆ ಮಾತ್ರ ರೆಟಿನಾ ನೋಡಿದಂತೆ.

ಆ ಔಷಧ ಹಾಕಿದ ಮೇಲೆ ನಾಲ್ಕೈದು ಗಂಟೆ ಕಣ್ಣು ಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಒಬ್ಬರೇ ಹೋಗಿ ಲೋಕಲ್ ಹತ್ತಿ ಬರುವುದು ಅಪಾಯ. ಮರಾಠಿ ಹಿಂದಿ ಸರಿಯಾಗಿ ಬಾರದ, ತುಳುವೋ ಕನ್ನಡವೋ ಮಾತ್ರ ಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಔಷಧದ ಅಲರ್ಜಿ ಇದೆಯೇ ಎಂಬ ಪ್ರಶ್ನೆಗೆ ಅವರು ಅರ್ಥವಾಗದೆ ತಲೆಯಾಡಿಸಿಬಿಡುವ ಸಂಭವವಿದೆ. ಅಂಥವರ ಜೊತೆ ಬೆಳಗಿನಿಂದ ಮಧ್ಯಾಹ್ನದವರೆಗೆ ಆಸ್ಪತ್ರೆಗೆ ಹೋಗಿ ಬರಬಲ್ಲ ಸ್ವಯಂಸೇವಕರ ಪಟ್ಟಿಯೊಂದನ್ನು ಮಾಡುತ್ತಿದ್ದೇವೆ. ಹಣ ಕೊಡಲಾಗದವರು, ಮುಖ್ಯವಾಗಿ ನನ್ನಂತೆ ನಿವೃತ್ತರಾದವರು, ತಿಂಗಳಿಗೆ ಒಂದು ದಿನ ಕೊಟ್ಟರೂ ಸಾಕು. ಹೆಸರು, ವಾಸದ ಉಪನಗರ, ಯಾವ ವಾರ ಬಿಡುವು ಎಂಬುದನ್ನು ಬರೆದು ಸಂಘದ ಕಚೇರಿಗೆ ತಲಪಿಸಿ.